"ಅಣ್ಣಾ, ಈ ಹಾವನ್ನು ಸಾಕಬಹುದಾ?"



ಕಳೆದ ಭಾನುವಾರ ಪೂಜೆ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ನಮ್ಮ ಯುವಕೂಟದ ಹುಡುಗನೊಬ್ಬ ಬಂದು ನನ್ನ ತೋಳು ಎಳೆದ. ಹತ್ತನೇ ತರಗತಿಯಲ್ಲಿ ಓದುತ್ತಾನೆ. "ಅಣ್ಣಾ, ಯಾರಿಗೂ ಹೇಳಬೇಡ, ಒಂದು ಸಲ ಮನೆಗೆ ಬಾ" ಎಂದ. ಹೋಗಿ ನೋಡಿದರೆ ಹಿತ್ತಿಲಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಅರ್ಧ ಮಣ್ಣು, ಮೇಲೆ ತೂತು ಕೊರೆದ ತಟ್ಟೆ. ಮಣ್ಣಿನೊಳಗೆ ಕಂದು ಬಣ್ಣದ ದಪ್ಪನೆಯ ಹಾವು. ಹೊಲದಲ್ಲಿ ಕಡಲೆಕಾಯಿ ಕೀಳುವಾಗ ಸಿಕ್ಕಿತಂತೆ. ಮೂರು ದಿನದಿಂದ ಬಕೆಟ್‌ನಲ್ಲೇ ಇತ್ತು. ಅದಕ್ಕೊಂದು ಹೆಸರೂ ಇಟ್ಟಿದ್ದ.

"ನೀನು ಬಿಎಸ್ಸಿ ಓದಿದ್ದೀಯಲ್ಲ ಅಣ್ಣಾ, ಇದನ್ನು ಸಾಕಬಹುದಾ?" ಎಂದು ಕೇಳಿದ.

ಅದು ನಾವು ಮನೆಯಲ್ಲಿ ಎರಡು ತಲೆ ಹಾವು ಅನ್ನುವ, ಪೇಟೆಯಲ್ಲಿ ತಮಿಳಿನವರು ಮಣ್ಣುಳಿ ಪಾಂಬು ಅನ್ನುವ ಹಾವು. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ ಅಷ್ಟೇ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟು ಬಾಲವನ್ನು ಎತ್ತಿ ತೋರಿಸುತ್ತದೆ. ಹೊಡೆಯುವವನು ಬಾಲಕ್ಕೆ ಹೊಡೆಯಲಿ, ತಲೆ ಉಳಿಯಲಿ ಎಂದು ಅದರ ಉಪಾಯ. ವಿಷವಿಲ್ಲ. ಹಗಲೆಲ್ಲ ಮಣ್ಣಿನೊಳಗಿದ್ದು ರಾತ್ರಿ ಇಲಿ ಹಿಡಿದು ತಿನ್ನುತ್ತದೆ. ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಇಷ್ಟು ಸಾಧು ಹಾವು ಇನ್ನೊಂದಿಲ್ಲ. ಹುಡುಗನಿಗೆ ಅದರ ಮೇಲೆ ಆಸೆಯಾದದ್ದು ನನಗೆ ಆಶ್ಚರ್ಯವಾಗಲಿಲ್ಲ.

ಯಾಕೆಂದರೆ ಆ ಆಸೆ ನನಗೂ ಇತ್ತು. ಬಿಎಸ್ಸಿ ಮೊದಲ ವರ್ಷದಲ್ಲಿ ಕೆರೆಯಿಂದ ಒಂದು ನೀರುಹಾವು ಹಿಡಿದು ತಂದಿದ್ದೆ. ಹಳೆಯ ಮೀನಿನ ತೊಟ್ಟಿಯಲ್ಲಿ ಇಟ್ಟೆ. ಮೀನು ಹಾಕಿದೆ, ಕಪ್ಪೆ ಹಾಕಿದೆ, ಒಂದನ್ನೂ ಮುಟ್ಟಲಿಲ್ಲ. ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿತು. ಎರಡನೇ ವಾರದಲ್ಲಿ ಕೈಗೆತ್ತಿಕೊಂಡರೆ ಸುಮ್ಮನಿರುತ್ತಿತ್ತು. "ನೋಡಿ, ಪಳಗಿಬಿಟ್ಟಿತು" ಎಂದು ಗೆಳೆಯರಿಗೆ ತೋರಿಸಿದೆ. ಅದು ಪಳಗಿರಲಿಲ್ಲ, ಸೊರಗಿತ್ತು. ಹತ್ತೊಂಬತ್ತನೇ ದಿನ ಸತ್ತುಹೋಯಿತು. ಈ ಮಾತನ್ನು ಇಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ.

ಆಗ ಅರ್ಥವಾಗದ್ದು ಈಗ ಅರ್ಥವಾಗಿದೆ. ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಬದುಕಿದ ಪ್ರಾಣಿ. ನಮ್ಮ ದನಿ ಕೇಳಿದರೆ ಬಾಲ ಅಲ್ಲಾಡಿಸುತ್ತದೆ. ಹೊಲದಿಂದ ಹಿಡಿದು ತಂದ ಹಾವಿಗೆ ನಾವು ಅದನ್ನು ತಿನ್ನಲು ಬಂದ ಪ್ರಾಣಿಗಳು. ಎಷ್ಟು ಪ್ರೀತಿಯಿಂದ ಮುಟ್ಟಿದರೂ ಅದಕ್ಕೆ ಗೊತ್ತಾಗುವುದು ಹೆದರಿಕೆ ಮಾತ್ರ. ಹೆದರಿದ ಹಾವು ಊಟ ಬಿಡುತ್ತದೆ. ಮೈಯೊಳಗಿನ ಹುಳುಗಳು, ಮೈಮೇಲಿನ ಉಣ್ಣೆಗಳು ಆಗ ಅದನ್ನು ಸುಲಭವಾಗಿ ಸೋಲಿಸುತ್ತವೆ.

"ಯೂಟ್ಯೂಬ್‌ನಲ್ಲಿ ಎಲ್ಲರೂ ಸಾಕುತ್ತಾರಲ್ಲ ಅಣ್ಣಾ" ಎಂದ. ನಿಜ. ಅಲ್ಲಿ ಹೆಚ್ಚಾಗಿ ಕಾಣುವುದು ಬಾಲ್ ಪೈಥಾನ್‌ನಂಥ ಹೊರದೇಶದ ಹಾವುಗಳು, ಅವುಗಳಲ್ಲಿ ಬಹಳಷ್ಟು ಗೂಡಿನಲ್ಲೇ ಹುಟ್ಟಿದವು. ನಮ್ಮ ದೇಶದಲ್ಲಿ ಅಂಥವನ್ನು ಸಾಕುವವರೂ 2024ರ ನಿಯಮದಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ನಮ್ಮ ಹೊಲದ ಹಾವಿನ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅದನ್ನು ಹಿಡಿಯುವುದೂ ತಪ್ಪು, ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. 2022ರ ತಿದ್ದುಪಡಿಯಲ್ಲಿ ದಂಡವನ್ನೂ ಹೆಚ್ಚಿಸಿದ್ದಾರೆ. ಇದು ಜೈಲಿಗೂ ಹೋಗಬಹುದಾದ ಅಪರಾಧ. "ಸಾಕುವುದಕ್ಕೆ ಇಟ್ಟಿದ್ದೆ, ಮಾರುವುದಕ್ಕಲ್ಲ" ಎಂದರೆ ಕಾಯಿದೆ ಒಪ್ಪುವುದಿಲ್ಲ.

ಮಾರಾಟದ ಮಾತು ಸುಮ್ಮನೆ ಎತ್ತಲಿಲ್ಲ. ಹುಡುಗನ ಚಿಕ್ಕಪ್ಪ ಬಕೆಟ್‌ನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಿದ್ದರು. ಅದೇ ರಾತ್ರಿ ಗುರುತಿಲ್ಲದವನೊಬ್ಬ ಫೋನ್ ಮಾಡಿ "ತೂಕ ಎಷ್ಟಿದೆ?" ಎಂದು ಕೇಳಿದನಂತೆ. ಎರಡು ತಲೆ ಹಾವು ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ಮೂಢನಂಬಿಕೆ ಇಲ್ಲಿಂದ ಕರ್ನಾಟಕದವರೆಗೂ ಇದೆ. ಲಕ್ಷ, ಕೋಟಿ ಎಂದು ಆಸೆ ಹುಟ್ಟಿಸಿ ಮಾರಲು ಹೋದವರನ್ನು ಪೊಲೀಸರು ಹಿಡಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ಮನೆಯಲ್ಲಿ ಅಕ್ಕನ ಮದುವೆಯ ಸಾಲ ಇನ್ನೂ ತೀರಿಲ್ಲ. ಒಂದು ಫೋನ್ ಕರೆ ಆ ಮನೆಯವರ ಮನಸ್ಸನ್ನು ಎಷ್ಟು ಅಲ್ಲಾಡಿಸಿರಬಹುದು ಎಂದು ನನಗೆ ಗೊತ್ತು. ಹುಡುಗನಿಗೆ ಅದು ಸಾಕುಪ್ರಾಣಿ. ಫೋನ್ ಮಾಡಿದವನಿಗೆ ಅದು ಸರಕು. ಆದರೆ ಎರಡೂ ಶುರುವಾಗುವುದು ಒಂದೇ ಬಕೆಟ್‌ನಿಂದ.

ಇನ್ನೊಂದು ಅಪಾಯವೂ ಇದೆ. ಇದೇ ಹಾವಿನ ಬಂಧು, ಮೈಮೇಲೆ ಮಚ್ಚೆಗಳಿರುವ ಇನ್ನೊಂದು ಮಣ್ಣುಹಾವು ಇದೆ. ಅದನ್ನೂ ವಿಷದ ಕೊಳಕುಮಂಡಲವನ್ನೂ ದೊಡ್ಡವರೇ ಗುರುತಿಸಲಾಗದೆ ತಪ್ಪು ಮಾಡುತ್ತಾರೆ. ಇಂದು ಒಬ್ಬ ಸಾಧು ಹಾವನ್ನು ಕೈಯಲ್ಲಿ ಹಿಡಿದು ಸೆಲ್ಫಿ ತೆಗೆದರೆ, ನಾಳೆ ಅದನ್ನು ನೋಡಿದ ತಮ್ಮನೊಬ್ಬ ಬೇರೆ ಹಾವಿಗೆ ಕೈ ಹಾಕುತ್ತಾನೆ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ನಮ್ಮಂಥ ಹಳ್ಳಿಯವರು.

ಆದರೆ ಹುಡುಗನ ಕೊನೆಯ ಪ್ರಶ್ನೆಗೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಹೊರಗೆ ಬಿಟ್ಟರೆ ಪಕ್ಕದ ಹೊಲದವರು ಹೊಡೆದು ಸಾಯಿಸುತ್ತಾರೆ. ನನ್ನ ಹತ್ತಿರವಾದರೂ ಜೀವ ಉಳಿಯುತ್ತದಲ್ಲ?" ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾವು ಕಂಡರೆ ಕೋಲು ಹುಡುಕುವವರೇ ನಮ್ಮಲ್ಲಿ ಹೆಚ್ಚು.

ಆಗ ಇರುಳರ ನೆನಪಾಯಿತು. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವಿದೆ. ಸರ್ಕಾರದ ಅನುಮತಿಯಿಂದ ಅವರು ನಾಗರಹಾವು, ಕೊಳಕುಮಂಡಲಗಳನ್ನು ಹಿಡಿದು ಮಣ್ಣಿನ ಮಡಕೆಗಳಲ್ಲಿಟ್ಟು ವಿಷ ತೆಗೆಯುತ್ತಾರೆ. ಹಾವು ಕಚ್ಚಿದವರಿಗೆ ಕೊಡುವ ಮದ್ದು ತಯಾರಾಗುವುದು ಆ ವಿಷದಿಂದ. ಅಲ್ಲಿಯ ಇಬ್ಬರು, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್, ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಾವನ್ನು ಅವರಷ್ಟು ಬಲ್ಲವರು ದೇಶದಲ್ಲೇ ಕಡಿಮೆ. ಅವರೂ ಹಾವನ್ನು ಕೆಲವೇ ವಾರ ಇಟ್ಟುಕೊಂಡು, ಗುರುತು ಮಾಡಿ, ಕಾಡಿಗೆ ಬಿಟ್ಟುಬಿಡುತ್ತಾರೆ. ಅಷ್ಟು ಬಲ್ಲವರೇ ತಮ್ಮದೆಂದು ಇಟ್ಟುಕೊಳ್ಳದಿರುವಾಗ, ಬಕೆಟ್ ಹಿಡಿದ ನಾವು ಯಾರು?

ನೋಹನ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ನಾವೆಯೊಳಗೆ ಪ್ರಾಣಿಗಳು ಜೋಡಿ ಜೋಡಿಯಾಗಿ ಹೋಗುವ ಚಿತ್ರವನ್ನು ಉಪದೇಶ ತರಗತಿಯಲ್ಲಿ ಬಣ್ಣ ಹಚ್ಚಿದವರೇ ಎಲ್ಲರೂ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ನೀರು ಇಳಿದ ಮೇಲೆ ಎಲ್ಲವೂ ಹೊರಗೆ ಹೋದವು, ಹರಿದಾಡುವ ಜಂತುಗಳೂ ಹೋದವು. ನೋಹನು ಇಷ್ಟವಾದ ಒಂದನ್ನೂ ತನಗೆಂದು ಉಳಿಸಿಕೊಳ್ಳಲಿಲ್ಲ. ಕಾಪಾಡುವುದೆಂದರೆ ಒಳಗೆ ಕರೆದುಕೊಳ್ಳುವುದಷ್ಟೇ ಅಲ್ಲ, ಸಮಯ ಬಂದಾಗ ಬಾಗಿಲು ತೆರೆಯುವುದು ಕೂಡ.

ನಾನು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಸಿಬ್ಬಂದಿಯೊಬ್ಬರು ಬಂದರು. ಹುಡುಗನನ್ನು ಗದರಲಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿ, ಕತ್ತಲಾಗುವ ಹೊತ್ತಿಗೆ ಅದೇ ಹೊಲದ ಬದುವಿನಲ್ಲಿ ಬಿಟ್ಟರು. ಬೇರೆಲ್ಲೋ ದೂರದಲ್ಲಿ ಬಿಟ್ಟರೆ ಅದಕ್ಕೆ ಬಿಲ, ಬೇಟೆ ಏನೂ ಗೊತ್ತಿರುವುದಿಲ್ಲ ಎಂದರು. ಹಾವು ಒಂದು ಕ್ಷಣ ಸುಮ್ಮನಿದ್ದು ಮಣ್ಣಿನೊಳಗೆ ಇಳಿದುಹೋಯಿತು. ಹುಡುಗ ಅತ್ತ. ನಾನು ಸಮಾಧಾನ ಹೇಳಲಿಲ್ಲ, ಜೊತೆಗೆ ನಿಂತಿದ್ದೆ.

ಆದರೂ ಅವನ ಪ್ರಶ್ನೆ ಹಾಗೇ ಉಳಿದಿದೆ: ಹೊರಗೆ ಅದನ್ನು ಹೊಡೆಯದಂತೆ ನೋಡಿಕೊಳ್ಳುವವರು ಯಾರು? ಅದು ನಮ್ಮ ಕೆಲಸ ಎಂದು ನನ್ನ ಅಭಿಪ್ರಾಯ. ಅಪ್ಪ, ಅಜ್ಜಿ, ಪಕ್ಕದ ಹೊಲದ ಮಾವ, ಇವರ ಹತ್ತಿರ ಕೂತು "ಇದು ನಿಮ್ಮ ಕಡಲೆಕಾಯಿ ತಿನ್ನುವ ಇಲಿಯನ್ನು ತಿನ್ನುವ ಹಾವು" ಎಂದು ಹೇಳಬೇಕು. ಮನೆಯೊಳಗೆ ಹಾವು ಬಂದರೆ ದೂರ ನಿಂತು ಅರಣ್ಯ ಇಲಾಖೆಗೋ ಅಗ್ನಿಶಾಮಕ ದಳಕ್ಕೋ ಫೋನ್ ಮಾಡಬೇಕು. ಹೊಲದಲ್ಲಿ ಕಂಡರೆ ದಾರಿ ಬಿಡಬೇಕು. ಫೋಟೊ ಹಂಚಬಾರದು. ಒಂದು ಹಾವನ್ನು ಬಕೆಟ್‌ನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಇದು ಕಷ್ಟದ ಪ್ರೀತಿ.

ಆ ಹುಡುಗ ಮೊನ್ನೆ ಅವರ ಅಜ್ಜಿಗೆ ಹೇಳಿನೋಡಿದನಂತೆ. ಅಜ್ಜಿ "ಹಾವು ಹಾವೇ ಕಣೋ" ಎಂದರಂತೆ. ಪರವಾಗಿಲ್ಲ. ಮುಂದಿನ ಭಾನುವಾರ ಪೂಜೆಯ ನಂತರ ನಾನೂ ಅವನ ಜೊತೆ ಅಜ್ಜಿಯ ಮನೆಗೆ ಹೋಗುತ್ತೇನೆ. ಬರುವವರು ಬನ್ನಿ.