ಟೋಪಿ ಹಗುರಾಯ್ತು, ಡ್ಯೂಟಿ ಹಗುರಾಗೋದು ಯಾವಾಗ?

ಹಾಸನ: ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟ್ ಬದಲು ಕಡುನೀಲಿ ಪೀಕ್ ಕ್ಯಾಪ್ ಕೊಡುವ ಕಾರ್ಯಕ್ರಮಕ್ಕೆ 2025ರ ಅಕ್ಟೋಬರ್ 28ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟರು. ಮಳೆಗೆ ನೆಂದರೆ ಭಾರ, ಓಡಿದರೆ ಜಾರುತ್ತಿದ್ದ ಟೋಪಿ ಹೋಗಿದ್ದು ಒಳ್ಳೆಯದೇ. ಆದರೆ ಕೆಲಸದಲ್ಲಿ ನೆಮ್ಮದಿ ಇದೆಯಾ ಅಂತ ಕೇಳಿದರೆ, ಉತ್ತರ ಸರ್ವಿಸ್ ಎಷ್ಟಾಗಿದೆ ಅನ್ನೋದರ ಮೇಲೆ ನಿಂತಿದೆ.

ಹೊಸಬರಿಗೆ ಸಂಬಳದ ಚಿಂತೆ ಮೊದಲಿನಷ್ಟಿಲ್ಲ. ಔರಾದ್ಕರ್ ಸಮಿತಿ ವರದಿ ಆಧಾರದಲ್ಲಿ 2019ರ ಆಗಸ್ಟ್‌ನಿಂದ ಕಾನ್‌ಸ್ಟೆಬಲ್ ಮೂಲ ವೇತನ 23,500 ರೂ.ನಿಂದ ಶುರುವಾಯಿತು, ಆಮೇಲೆ 7ನೇ ವೇತನ ಆಯೋಗವೂ ಬಂತು. ಇವರ ಗೋಳು ಸಮಯದ್ದು. ಹಾಸನಾಂಬ ದರ್ಶನದ ದಿನಗಳನ್ನೇ ತಗೊಳ್ಳಿ. ಲಕ್ಷಾಂತರ ಜನರ ಸಾಲು ಕಾಯೋರಿಗೆ ದೀಪಾವಳಿಗೆ ಮನೆಗೆ ಹೋಗೋ ಮಾತೇ ಇಲ್ಲ. ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ 2019ರಲ್ಲಿ ಪ್ರಕಟಿಸಿದ 21 ರಾಜ್ಯಗಳ ಸಮೀಕ್ಷೆಯಲ್ಲಿ ಪೊಲೀಸರ ಸರಾಸರಿ ಡ್ಯೂಟಿ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ.

ಹೆಚ್ಚು ಬೇಯೋರು ನಡುವಿನವರು ಅಂತ ನಮ್ಮ ಅನಿಸಿಕೆ. ಆರಂಭದ ವೇತನ ಏರಿಸಿದಾಗ ಹೊಸಬರಿಗೆ ಲಾಭವಾಯ್ತು, ಹತ್ತು-ಹದಿನೈದು ವರ್ಷ ದುಡಿದವರಿಗೆ ಹೆಚ್ಚೇನೂ ಸಿಗಲಿಲ್ಲ ಅನ್ನೋ ದೂರು ಆಗಲೇ ಎದ್ದಿತ್ತು. ಹೆಡ್ ಕಾನ್‌ಸ್ಟೆಬಲ್, ಬಹಳ ಕಾದರೆ ಎಎಸ್‌ಐ. ಕಾನ್‌ಸ್ಟೆಬಲ್ ಆಗಿ ಸೇರಿ ಪಿಎಸ್‌ಐ ಆಗಿ ನಿವೃತ್ತರಾಗೋರು ಕಡಿಮೆ. ಮಕ್ಕಳ ಫೀಸು, ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ, ಠಾಣೆಯಲ್ಲಿ ರೈಟರ್ ಟೇಬಲ್ ತುಂಬ ಫೈಲು. ಎಲ್ಲವೂ ಒಟ್ಟಿಗೆ ತಲೆ ಮೇಲೆ ಬೀಳೋ ವಯಸ್ಸು ಅದು.

50 ದಾಟಿದ ಮೇಲೆ ಬಿಪಿ, ಶುಗರ್. ಆರೋಗ್ಯ ಭಾಗ್ಯ ಯೋಜನೆ ಆಸ್ಪತ್ರೆ ಖರ್ಚಿಗೆ ಆಸರೆ, ಸರಿ. ಅದು ರಾತ್ರಿ ಬೀಟ್ ತಪ್ಪಿಸೋದಿಲ್ಲವಲ್ಲ!

ಇದನ್ನೆಲ್ಲ ಹೇಳಿಕೊಳ್ಳೋಕೆ ಬೇರೆ ನೌಕರರಿಗಿರೋ ಹಾಗೆ ಸಂಘದ ದಾರಿಯಿಲ್ಲ. 1966ರ ಕೇಂದ್ರ ಕಾಯ್ದೆ ಪೊಲೀಸರ ಸಂಘಟನೆಗೆ ಕಡಿವಾಣ ಹಾಕಿದೆ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆಯ ಕರೆ ಬಂದಾಗ ಸರ್ಕಾರ ಎಸ್ಮಾ ಅಸ್ತ್ರ ಹಿಡಿಯಿತು, ಮುಷ್ಕರ ತಣ್ಣಗಾಯಿತು. ಆದರೂ ವೇತನದ ಮಾತು ಜೋರಾಗಿದ್ದು ಆ ಗಲಾಟೆಯ ನಂತರವೇ.

ಖಾಲಿ ಹುದ್ದೆ ತುಂಬೋದು, ಬಡ್ತಿ ಕೊಡೋದು ಬೆಂಗಳೂರಿನ ಕೆಲಸ. ಆದರೆ ವಾರದ ರಜೆ ಪಟ್ಟಿಯನ್ನ ಮುಂಚೆಯೇ ಠಾಣೆ ಬೋರ್ಡಿಗೆ ಹಾಕೋದು, ದೊಡ್ಡ ಬಂದೋಬಸ್ತ್ ಮುಗಿದ ಮೇಲೆ ಸರದಿ ಪ್ರಕಾರ ರಜೆ ಬಿಡೋದು, ವಯಸ್ಸಾದವರಿಗೆ ಸತತ ನೈಟ್ ಡ್ಯೂಟಿ ಹಾಕದಿರೋದು, ಇಷ್ಟಕ್ಕೆ ಎಸ್ಪಿ ಕಚೇರಿಯ ಒಂದು ಸುತ್ತೋಲೆ ಸಾಕು.