ಕಾರು ಕೊಳ್ಳುವ ಮುನ್ನ

ಮನೆಗೆ ಕಾರು ಬರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅದರಲ್ಲಿ ಕುಳಿತುಕೊಳ್ಳುವವರು ವೃದ್ಧ ತಂದೆತಾಯಿಗಳು, ಎಳೆಯ ಮಕ್ಕಳು ಎಂಬುದನ್ನು ಬಣ್ಣ ಬೆಡಗುಗಳ ನಡುವೆ ಮರೆಯಲಾಗದು. ಟಾಟಾ ಪಂಚ್, ಹುಂಡೈ ಎಕ್ಸ್‌ಟರ್ ಎಂಬ ಎರಡು ಕಿರು ಎಸ್‌ಯುವಿಗಳನ್ನೇ ತೂಗಿ ನೋಡೋಣ.

ಅಳತೆಯಲ್ಲಿ ಇವುಗಳ ಅಂತರ ಅಲ್ಪ. ಮಾರುಕಟ್ಟೆಗೆ ಬಂದಾಗ ನೆಲಕ್ಕೂ ತಳಕ್ಕೂ ನಡುವಿನ ಅಂತರ ಪಂಚ್‌ನಲ್ಲಿ 187 ಮಿ.ಮೀ., ಎಕ್ಸ್‌ಟರ್‌ನಲ್ಲಿ 185. ಹಿಂಬದಿಯಲ್ಲಿ ಸಾಮಾನಿಡುವ ಸ್ಥಳ ಕ್ರಮವಾಗಿ 366 ಮತ್ತು 391 ಲೀಟರ್. ಎರಡರದೂ 1.2 ಲೀಟರ್ ಪೆಟ್ರೋಲ್ ಎಂಜಿನ್; ಮೊದಲನೆಯದಕ್ಕೆ ಮೂರು ಸಿಲಿಂಡರ್, ಎರಡನೆಯದಕ್ಕೆ ನಾಲ್ಕು.

ಮುಖ್ಯವಾಗಿ ವಿಚಾರಿಸಬೇಕಾದುದು ರಕ್ಷಣೆಯನ್ನು. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಪಂಚ್ ವಯಸ್ಕರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ನಾಲ್ಕು ನಕ್ಷತ್ರ ಗಳಿಸಿತು. ಆ ಕಾರಿನಲ್ಲಿದ್ದುದು ಎರಡೇ ಏರ್‌ಬ್ಯಾಗ್! 2023ರಲ್ಲಿ ಬಂದ ಎಕ್ಸ್‌ಟರ್ ತನ್ನ ಎಲ್ಲ ಮಾದರಿಗಳಲ್ಲಿಯೂ ಆರು ಏರ್‌ಬ್ಯಾಗ್ ನೀಡಿತು. ಏರ್‌ಬ್ಯಾಗ್‌ಗಳ ಸಂಖ್ಯೆ ಬೇರೆ, ಕಾರಿನ ಒಡಲಿನ ಗಟ್ಟಿತನ ಬೇರೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಆದುದರಿಂದ ತಾವು ಕೊಳ್ಳಲಿರುವ ಮಾದರಿಯ ಬಗ್ಗೆ ಎರಡನ್ನೂ ಕೇಳಿ ತಿಳಿಯಬೇಕು.

ಯಾವುದನ್ನೇ ಕೊಂಡರೂ ಹಿಂದಿನ ಆಸನದವರೂ ಸೀಟ್ ಬೆಲ್ಟ್ ಧರಿಸಲೇಬೇಕು. ಅದು ಕಾನೂನು ಕೂಡ. ಮಗುವನ್ನು ಮಡಿಲಲ್ಲಿರಿಸಿಕೊಂಡು ಮುಂದಿನ ಆಸನದಲ್ಲಿ ಕೂರುವ ರೂಢಿಯನ್ನು ತಾಯಂದಿರು ಇಂದೇ ಬಿಡಬೇಕು. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಮೊದಲ ಪೆಟ್ಟು ಬೀಳುವುದು ಆ ಮಗುವಿಗೇ. ಹಣ ಕೊಟ್ಟು ತಂದ ರಕ್ಷಣೆ ನಮ್ಮ ಎಚ್ಚರದಿಂದ ಮಾತ್ರ ಪೂರ್ಣವಾಗುತ್ತದೆ.