20 ಗ್ರಾಂ ಆಸೆಗೆ ಬ್ರೇಕ್ ಕಳೆದುಕೊಳ್ಳಬೇಡಿ

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹುಡುಗನೊಬ್ಬ ತನ್ನ ರೋಡ್ ಸೈಕಲ್ಲಿನ ಮುಂದಿನ ಡಿಸ್ಕ್ ಪ್ಲೇಟ್ ಬದಲಿಸಿದ. 160 ಮಿ.ಮೀ. ಪ್ಲೇಟ್ ತೆಗೆಸಿ 140 ಹಾಕಿಸಿದ. ಯಾಕಪ್ಪಾ ಎಂದರೆ, ‘ತೂಕ ಕಡಿಮೆ ಆಗುತ್ತೆ ಅಣ್ಣ, ರೇಸಿನವರೂ ಹಾಕ್ತಾರೆ’ ಅಂದ. ಉಳಿದದ್ದು 20-30 ಗ್ರಾಂ. ಒಂದು ಗುಟುಕು ನೀರಿನ ತೂಕ.

ಅದೇ ಸೈಕಲ್ಲಿನಲ್ಲಿ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಆಗುಂಬೆ ಘಾಟಿ ಇಳಿದ. 14 ತಿರುವುಗಳಲ್ಲಿ ಅರ್ಧ ದಾಟುವಷ್ಟರಲ್ಲಿ ಸುಟ್ಟ ವಾಸನೆ. ಎಷ್ಟು ಬಿಗಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಎದುರಿಗೆ ಬಸ್ಸು. ಗುಡ್ಡದ ಬದಿಯ ಚರಂಡಿಗೆ ಇಳಿಸಿ, ಮೊಣಕೈ ತರಚಿಕೊಂಡು ಬಚಾವಾದ.

ಬೀಸುವ ಕಲ್ಲಿನ ಗೂಟ ಅಂಚಿನಲ್ಲಿರುವುದು ಏಕೆ? ನಡುವಿನಿಂದ ದೂರ ಹಿಡಿದಷ್ಟೂ ಕಡಿಮೆ ಬಲ ಸಾಕು. ಡಿಸ್ಕಿನ ಲೆಕ್ಕವೂ ಅದೇ. ಕೈಯ ಬಲ ಅಷ್ಟೇ ಇದ್ದರೂ 140ಕ್ಕಿಂತ 160ರ ಪ್ಲೇಟ್ ಸುಮಾರು ಶೇ 14ರಷ್ಟು ಹೆಚ್ಚು ಹಿಡಿಯುತ್ತದೆ. ಲೋಹ ಹೆಚ್ಚಿರುವುದರಿಂದ ಬಿಸಿಯನ್ನೂ ಹೆಚ್ಚು ತಡೆಯುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಪ್ಲೇಟೇ ಮುಖ್ಯ.

ಹಾಗಾಗಿ ನಮ್ಮ ಮಾತು ಇಷ್ಟು: ಮುಂದೆ 160 ಇರಲಿ. ಹಿಂದೆ 140 ಸಾಕೇ? ವಿಜಯಪುರದಂಥ ಬಯಲಿನಲ್ಲಿ ಓಡಿಸುವ, 50-55 ಕೆ.ಜಿ. ತೂಗುವ ಹುಡುಗರಿಗೆ ಸಾಕು. ಮೈತೂಕ ಹೆಚ್ಚಿದ್ದರೆ, ಹೊರೆ ಕಟ್ಟುವುದಿದ್ದರೆ, ಘಾಟಿ ಇಳಿಯುವುದಿದ್ದರೆ ಹಿಂದೆಯೂ 160 ಹಾಕಿಸಿ.

ಹಾಗಂತ ದೊಡ್ಡದಾದಷ್ಟೂ ಒಳ್ಳೆಯದು ಎಂದಲ್ಲ. 180, 203ರ ಪ್ಲೇಟುಗಳು ಹೆಚ್ಚಾಗಿ ಗುಡ್ಡಗಾಡಿನ ಸೈಕಲ್ಲಿನವು. ರೋಡ್ ಸೈಕಲ್ಲಿನ ಫೋರ್ಕ್ ಅಷ್ಟು ಎಳೆತಕ್ಕೆ ಮಾಡಿದ್ದಲ್ಲದಿರಬಹುದು. ಕಂಪನಿ ಕೊಟ್ಟ ಪುಸ್ತಕದಲ್ಲಿ ಗರಿಷ್ಠ ಅಳತೆ ನೋಡಿ, ಅದನ್ನು ಮೀರಬೇಡಿ. ಟೈರ್ ಸವೆದಿದ್ದರಂತೂ ಎಷ್ಟು ದೊಡ್ಡ ಪ್ಲೇಟ್ ಹಾಕಿದರೂ ಚಕ್ರ ಜಾರುತ್ತದೆ.

ರಸ್ತೆ ರೇಸುಗಳಲ್ಲಿ ಡಿಸ್ಕ್ ಬ್ರೇಕಿಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದೇ 2018ರಲ್ಲಿ. ರೇಸಿನವರ ಹಿಂದೆ ಮೆಕ್ಯಾನಿಕ್ ಇರುವ ಕಾರು ಬರುತ್ತದೆ. ನಮ್ಮ ಹಿಂದೆ ಯಾರೂ ಬರುವುದಿಲ್ಲ.

ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಬಣ್ಣ, ಗೇರ್ ಎಷ್ಟು ಎಂದು ಹೇಳುತ್ತಾರೆ. ಪ್ಲೇಟ್ ಎಷ್ಟು ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆ ಹುಡುಗನ ತೂಕವೆಷ್ಟು, ಎಲ್ಲಿ ಓಡಿಸುತ್ತಾನೆ ಎಂದು 140 ಹಾಕಿಕೊಟ್ಟವರು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಕ್ಕಳಿಗೆ ಸೈಕಲ್ ಕೊಡಿಸುವ ಅಪ್ಪ ಅಮ್ಮಂದಿರೇ, ದುಡ್ಡು ಎಣಿಸುವ ಮೊದಲು ಇದೊಂದನ್ನು ಕೇಳಿ.